ಒಪ್ಪಿಸಿಕೊಳ್ಳುವವರಿಗೆ ಮೊದಲ ಪಾಠ ‘ಸಾಕು’

ಬೆಂಗಳೂರಿನ ಎರಡು ಬೆಡ್‌ರೂಮಿನ ಒಂದು ಮನೆ ಎಂದಿಟ್ಟುಕೊಳ್ಳಿ. ಗಂಡ ಹೆಂಡತಿ ಇಬ್ಬರಿಗೂ ಮೂವತ್ತೈದರ ಆಸುಪಾಸು. ಆತ ಹಗಲೆಲ್ಲ ಬ್ಯಾಂಕಿನ ಶಾಖೆಯಲ್ಲಿ ಹತ್ತಾರು ಜನರಿಗೆ ಕೆಲಸ ಹೇಳುವವನು. ರಾತ್ರಿ ಅರ್ಧ ಗಂಟೆಯಾದರೂ ಹೇಳುವ ಭಾರ ಬೇರೆಯವರದಾಗಲಿ, ತಾನು ಬರೀ ಕೇಳಿಕೊಂಡಿದ್ದರೆ ಸಾಕು ಎನ್ನುವುದು ಅವನ ಒಳಗಿನ ಆಸೆ. ಆಕೆಗೆ ಹೇಳುವುದರಲ್ಲಿ ಖುಷಿ. ಮದುವೆಯಾಗಿ ಆರು ವರ್ಷದ ಮೇಲೆ ಇಬ್ಬರೂ ಇದನ್ನು ಬಾಯಿಬಿಟ್ಟು ಆಡಿಕೊಂಡಿದ್ದಾರೆ, ಒಂದು ಕ್ರಮ ಮಾಡಿಕೊಂಡಿದ್ದಾರೆ. ಊಟವಾದ ಮೇಲೆ ಮೊಬೈಲ್ ಎರಡೂ ಡ್ರಾಯರ್ ಸೇರುತ್ತವೆ. ಆತ ಆಕೆಯ ಎದುರು ಮೊಣಕಾಲೂರಿ ಕೂತು ದಿನದ ವರದಿ ಒಪ್ಪಿಸಬೇಕು.

ಐದನೇ ನಿಮಿಷಕ್ಕೆ ಮೊಸಾಯಿಕ್ ನೆಲ ಮಂಡಿಗೆ ಒತ್ತತೊಡಗಿತು. ಆಕೆ ಕೇಳಿದಳು, “ಸರಿ ಇದೀಯಾ?” ಆತ “ಹಸಿರು” ಅಂದ. ಹಸಿರು ಎಂದರೆ ಮುಂದುವರಿಯಬಹುದು ಎಂದು ಇಬ್ಬರೂ ಮೊದಲೇ ಗೊತ್ತುಮಾಡಿಕೊಂಡಿದ್ದರು. ಮರುದಿನ ಶಾಖೆಯ ಮೆಟ್ಟಿಲು ಹತ್ತುವಾಗ ಮಂಡಿ ಹಿಡಿದುಕೊಂಡಿತು.

“ನಿನ್ನೆ ಹಸಿರು ಅಂದೆಯಲ್ಲೋ?”

“ನಿಂಗೆ ಬೇಜಾರಾಗತ್ತೇನೋ ಅಂತ...”

ಇಲ್ಲಿ ತಪ್ಪಿದ್ದು ಭಂಗಿಯಲ್ಲ, ಪಾಠದ ಕ್ರಮ. ಕೂರುವುದನ್ನು ಆತ ಕಲಿತಿದ್ದ, ‘ಸಾಕು’ ಎನ್ನುವುದನ್ನು ಕಲಿತಿರಲಿಲ್ಲ. ಪರಸ್ಪರ ಒಪ್ಪಿಗೆಯಿಂದ ಒಬ್ಬರು ಹಿಡಿತ ವಹಿಸಿ ಇನ್ನೊಬ್ಬರು ಒಪ್ಪಿಸಿಕೊಳ್ಳುವ ಸಂಬಂಧಗಳಲ್ಲಿ ‘ಟ್ರೇನಿಂಗ್’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದು ಏನು, ಏನಲ್ಲ, ಮನೆಯಲ್ಲಿ ಅದನ್ನು ಎಲ್ಲಿಂದ ಶುರುಮಾಡಬೇಕು ಎಂದು ಹೇಳುವುದಕ್ಕೆ ಈ ಲೇಖನ. ಓದುವವರು 18 ದಾಟಿರಬೇಕು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಇದು ಕಾಯಿಲೆಯೇ?

ಈ ವಲಯದಲ್ಲಿ ಹಿಡಿತ ವಹಿಸುವವರನ್ನು ಡಾಮಿನೆಂಟ್ ಎಂದೂ ಒಪ್ಪಿಸಿಕೊಳ್ಳುವವರನ್ನು ಸಬ್ಮಿಸಿವ್ ಎಂದೂ ಕರೆಯುತ್ತಾರೆ. ಮಾತಿನಲ್ಲಿ ಡಾಮ್, ಸಬ್ ಎಂದು ಮೊಟಕಾಗುತ್ತದೆ. ಗಂಡು ಯಾವಾಗಲೂ ಡಾಮ್, ಹೆಣ್ಣು ಯಾವಾಗಲೂ ಸಬ್ ಎಂದೇನಿಲ್ಲ. ಎಲ್ಲವೂ ಹಾಸಿಗೆಯ ವಿಷಯವೂ ಅಲ್ಲ. ಕೆಲವರಿಗೆ ಇದು ವಾರಕ್ಕೊಂದು ಸಂಜೆಯ ಆಟ, ಕೆಲವರಿಗೆ ದಿನಚರಿಯೊಳಗೆ ಹೆಣೆದುಕೊಂಡ ಶಿಸ್ತು.

ಕಾಯಿಲೆಯ ಪ್ರಶ್ನೆಗೆ ವೈದ್ಯಲೋಕ ಉತ್ತರ ಕೊಟ್ಟಿದೆ. ಅಮೆರಿಕದ ಮನೋವೈದ್ಯರು 2013ರಲ್ಲಿ ತಂದ ಡಿಎಸ್‌ಎಂ-5 ಕೈಪಿಡಿ, ಲೋಕರೂಢಿಗಿಂತ ಬೇರೆಯಾದ ಆಸಕ್ತಿ ಒಂದು, ಕಾಯಿಲೆ ಇನ್ನೊಂದು ಎಂದು ಗೆರೆ ಎಳೆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ರೋಗಪಟ್ಟಿ 2022ರ ಜನವರಿ 1ರಿಂದ ಜಾರಿಗೆ ಬಂದಿದೆ. ವಯಸ್ಕರು ಒಪ್ಪಿ ಮಾಡುವ ಇಂಥ ನಡವಳಿಕೆ ಅದರಲ್ಲಿ ರೋಗವಾಗಿ ಉಳಿದಿಲ್ಲ, ಒಪ್ಪಿಗೆ ಇಲ್ಲದವರ ಮೇಲಿನ ಬಲಾತ್ಕಾರದ ಹಿಂಸಾಸುಖ ಮಾತ್ರ ಉಳಿದಿದೆ. ನೆದರ್ಲೆಂಡ್ಸ್‌ನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಂಥ ಅಭ್ಯಾಸವಿರುವ 902 ಮಂದಿಯನ್ನು ಇಲ್ಲದ 434 ಮಂದಿಯೊಂದಿಗೆ ಹೋಲಿಸಿ ನೋಡಿತು. ಮನಸ್ಸಿನ ನೆಮ್ಮದಿಯಲ್ಲಿ ಮೊದಲಿನವರು ಹಿಂದೆ ಬಿದ್ದಿರಲಿಲ್ಲ, ಒಂದು ಕೈ ಮೇಲೇ ಇದ್ದರು.

ಗರಡಿ, ಕ್ರಾಲ್ ಅಲ್ಲ

‘ಟ್ರೇನಿಂಗ್’ ಎಂದೊಡನೆ ನಮ್ಮ ಕಿವಿಗೆ ‘ಪಳಗಿಸುವುದು’ ಎಂದು ಕೇಳಿಸುತ್ತದೆ. ತೊಂದರೆ ಶುರುವಾಗುವುದೇ ಅಲ್ಲಿ. ಕಾಡಿನಲ್ಲಿ ಹಿಡಿದ ಆನೆಯನ್ನು ದಿಮ್ಮಿಗಳ ಕ್ರಾಲ್‌ನಲ್ಲಿ ಕೂಡಿಹಾಕಿ ಪಳಗಿಸುತ್ತಾರೆ. ಅಲ್ಲಿಗೆ ಆನೆ ಒಪ್ಪಿ ಬಂದಿರುವುದಿಲ್ಲ, ಬೇಡವೆಂದು ಹೊರಡುವಂತೆಯೂ ಇಲ್ಲ.

ಈ ಸಂಬಂಧದ ತರಬೇತಿಗೆ ಹತ್ತಿರದ ಹೋಲಿಕೆ ಬೇಕಿದ್ದರೆ ಗರಡಿಮನೆಗೆ ಹೋಗಬೇಕು. ಅಲ್ಲಿ ಉಸ್ತಾದರ ಮಾತೇ ಮಾತು. ಬೆಳಿಗ್ಗೆ ಎಷ್ಟಕ್ಕೆ ಏಳಬೇಕು, ಎಷ್ಟು ಬೈಠಕ್ ಹೊಡೆಯಬೇಕು ಎಂದು ಅವರು ಹೇಳುತ್ತಾರೆ, ಹುಡುಗ ತಲೆಬಾಗಿ ಮಾಡುತ್ತಾನೆ. ಆದರೆ ಕೆಮ್ಮಣ್ಣಿಗೆ ಕಾಲಿಟ್ಟವನು ತಾನಾಗಿ ಬಂದವನು. ಬಾಗಿಲು ತೆರೆದೇ ಇರುತ್ತದೆ. ಭುಜ ಉಳುಕಿದರೆ ಹೇಳದೆ ಮುಚ್ಚಿಟ್ಟುಕೊಳ್ಳುವ ಹುಡುಗನಿಗೆ ಒಳ್ಳೆಯ ಉಸ್ತಾದರು ಶಹಭಾಸ್ ಅನ್ನುವುದಿಲ್ಲ, ಬೈಯುತ್ತಾರೆ.

ಹಾಗಾದರೆ ತರಬೇತಿಯಲ್ಲಿ ಏನಿರುತ್ತದೆ? ಸಂಬೋಧನೆ ಹೇಗೆ, ಯಾವ ಹೊತ್ತಿಗೆ ಯಾವ ಕೆಲಸ, ಹೇಗೆ ಕೂರಬೇಕು, ದಿನಚರಿ ಬರೆಯಬೇಕೆ, ತಪ್ಪಿದರೆ ಏನು, ಸರಿಯಾಗಿ ಮಾಡಿದರೆ ಏನು. ಬಹುಪಾಲು ಇಷ್ಟೇ. ಕೊರಳಪಟ್ಟಿ ಕಟ್ಟುವ ರೂಢಿಯೂ ಉಂಟು. ಪರಿಚಯದ ಹಂತಕ್ಕೆ ಒಂದು, ಕಲಿಕೆಯ ಹಂತಕ್ಕೆ ಒಂದು, ಬದ್ಧತೆಗೆ ಇನ್ನೊಂದು ಎಂದು ಹಂತ ಮಾಡಿಕೊಂಡವರಿದ್ದಾರೆ. ಕೂಡುಕುಟುಂಬದಲ್ಲಿರುವವರು ಅದರ ಬದಲು ಯಾರ ಕಣ್ಣಿಗೂ ಬೀಳದ ಒಂದು ಬೆಳ್ಳಿ ಉಂಗುರದಲ್ಲೇ ಕೆಲಸ ಮುಗಿಸಬಹುದು.

ಮೊದಲು ಕಲಿಯಬೇಕಾದವರು ಲಗಾಮು ಹಿಡಿದವರು

ಕಾಮಸೂತ್ರ ಹೆಸರಿನಿಂದ ಎಲ್ಲರಿಗೂ ಗೊತ್ತು, ಓದಿದವರು ಕಡಿಮೆ. ಸರಸದ ಏಟುಗಳ ಬಗ್ಗೆ ಬರೆಯುವಾಗ ವಾತ್ಸ್ಯಾಯನ ಮೂರು ದುರಂತಗಳನ್ನು ಹೆಸರು ಹಿಡಿದು ದಾಖಲಿಸುತ್ತಾನೆ. ಚೋಳರಾಜನೊಬ್ಬನ ‘ಕೀಲ’ ಎಂಬ ಏಟಿಗೆ ಚಿತ್ರಸೇನೆ ಎಂಬ ಗಣಿಕೆ ಸತ್ತಳು. ಕುಂತಲದ ಶಾತಕರ್ಣಿ ಶಾತವಾಹನನ ‘ಕರ್ತರಿ’ ಏಟಿಗೆ ಅವನ ಪಟ್ಟದರಾಣಿ ಮಲಯವತಿ ಬಲಿಯಾದಳು. ಕೈ ಊನವಾಗಿದ್ದ ನರದೇವ ಗುರಿ ತಪ್ಪಿ ನಟಿಯೊಬ್ಬಳ ಕಣ್ಣು ಕಳೆದ. ಕುಂತಲ ಎಂದರೆ ನಮ್ಮ ಉತ್ತರ ಕರ್ನಾಟಕವೂ ಸೇರಿದ ನಾಡು. ಇಂಥ ಏಟುಗಳು ದಕ್ಷಿಣದವರ ರೂಢಿ, ಅಪಾಯದವು, ಆದರಿಸತಕ್ಕವಲ್ಲ ಎಂದು ವಾತ್ಸ್ಯಾಯನ ಷರಾ ಬರೆಯುತ್ತಾನೆ. ನಾಗಾಲೋಟದಲ್ಲಿರುವ ಕುದುರೆಗೆ ಹಳ್ಳ ಕಾಣುವುದಿಲ್ಲ ಎಂಬ ಅರ್ಥದ ಮಾತೂ ಅದೇ ಅಧ್ಯಾಯದಲ್ಲಿದೆ.

ಮೂರು ಕಥೆಯಲ್ಲೂ ಪೆಟ್ಟು ತಿಂದವರು ಹೆಂಗಸರು, ಕಲಿಯದೇ ಇದ್ದವರು ಕೈ ಎತ್ತಿದವರು. ಹಾಗಾಗಿ ಹಿಡಿತ ವಹಿಸುವವರು ಮೊದಲು ತಮ್ಮನ್ನು ತಿದ್ದಿಕೊಳ್ಳಬೇಕು. ಕನಿಷ್ಠ ಇಷ್ಟಾದರೂ:

• ಸಿಟ್ಟು ಬಂದ ದಿನ ಆಟ ಇಲ್ಲ. ಕುಡಿದ ದಿನವೂ ಇಲ್ಲ. ಈ ನಿಯಮ ಇಬ್ಬರಿಗೂ.

• ಕುತ್ತಿಗೆಗೆ ಕೈ, ಹಗ್ಗ, ಬಟ್ಟೆ ಏನೂ ಬೇಡ. ಉಸಿರು ಅಥವಾ ಮಿದುಳಿಗೆ ಹೋಗುವ ರಕ್ತ ತಡೆಯುವುದಕ್ಕೆ ‘ಸುರಕ್ಷಿತ ವಿಧಾನ’ ಎಂಬುದೇ ಇಲ್ಲ.

• ಕೈ ಕಟ್ಟುವುದಾದರೆ ಕಟ್ಟಿನೊಳಗೆ ಎರಡು ಬೆರಳು ಸಲೀಸಾಗಿ ತೂರಬೇಕು. ಬೆರಳು ಜೋಮು ಹಿಡಿದರೆ, ತಣ್ಣಗಾದರೆ, ಮಣಿಕಟ್ಟು ಸೋತಂತಾದರೆ ಆ ಕ್ಷಣವೇ ಬಿಚ್ಚಬೇಕು. ನರ ಒತ್ತಿಕೊಂಡರೆ ಸರಿಯಾಗಲು ವಾರಗಟ್ಟಲೆ ಬೇಕಾಗಬಹುದು. ಗಂಟು ಬಿಡಿಸುತ್ತ ಕೂರದೆ ಕತ್ತರಿಸಲು ಮೊಂಡು ತುದಿಯ ಕತ್ತರಿ ಕೈಗೆಟಕುವಲ್ಲಿರಲಿ. ಕಟ್ಟಿದವರನ್ನು ಒಂಟಿಯಾಗಿ ಬಿಟ್ಟು ಬಾಗಿಲು ತೆಗೆಯಲು ಕೂಡ ಹೋಗಬಾರದು.

• ಸಂಗಾತಿಗೆ ಮಧುಮೇಹ, ಆಸ್ತಮಾ, ಅಪಸ್ಮಾರ, ಬೆನ್ನುನೋವು ಇದೆಯೇ, ಯಾವ ಮಾತ್ರೆ ನಡೆಯುತ್ತಿದೆ ಎಂಬುದು ಗೊತ್ತಿರಬೇಕು. ಹಳೆಯ ಗಾಯ ಮನಸ್ಸಿನದ್ದಿದ್ದರೆ ಅದೂ.

ಪಶ್ಚಿಮದಲ್ಲಿ ಇದನ್ನು ಕಲಿಸುವ ಪರಂಪರೆಯೇ ಬೆಳೆದಿದೆ. ನ್ಯೂಯಾರ್ಕ್‌ನಲ್ಲಿ 1971ರಲ್ಲಿ ಯೂಲೆನ್‌ಸ್ಪೀಗಲ್ ಸೊಸೈಟಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1974ರಲ್ಲಿ ಸೊಸೈಟಿ ಆಫ್ ಜೇನಸ್ ಹುಟ್ಟಿದವು. ಪ್ರಾತ್ಯಕ್ಷಿಕೆ, ಚರ್ಚೆಗಳ ಮೂಲಕ ಅನುಭವಿಗಳಿಂದ ಹೊಸಬರಿಗೆ ತಿಳಿವಳಿಕೆ ದಾಟುವ ದಾರಿ ಅಲ್ಲಿ ತೆರೆಯಿತು. ‘ಸುರಕ್ಷಿತ, ವಿವೇಕಯುತ, ಸಮ್ಮತ’ ಎಂಬ ಮೂರು ಪದಗಳ ಸೂತ್ರ ನ್ಯೂಯಾರ್ಕ್‌ನ ಇಂಥದ್ದೇ ಬಳಗದಿಂದ 1983ರಲ್ಲಿ ಬಂತು. ‘ಅಪಾಯ ಎಂಬುದು ಪೂರ್ತಿ ಇಲ್ಲವಾಗುವುದಿಲ್ಲ, ಅದನ್ನು ಅರಿತೇ ಒಪ್ಪಬೇಕು’ ಎನ್ನುವ ತಿದ್ದುಪಡಿ ಆಮೇಲಿನದು. ಭಾರತದಲ್ಲಿ ದಿ ಕಿಂಕಿ ಕಲೆಕ್ಟಿವ್ ಎಂಬ ಗುಂಪು ಒಪ್ಪಿಗೆಯನ್ನೇ ಕೇಂದ್ರದಲ್ಲಿಟ್ಟುಕೊಂಡು ಅರಿವು ಮೂಡಿಸುವ ಕೆಲಸ ಮಾಡಿದೆ.

ನಲವತ್ತು ಪುಟದ ನೋಟ್‌ಬುಕ್

ಏನು ಬೇಕು, ಏನು ಬೇಡ ಎಂದು ಗೊತ್ತುಮಾಡಿಕೊಳ್ಳುವುದು ಹಗಲಿನಲ್ಲಿ, ಬಟ್ಟೆ ಹಾಕಿಕೊಂಡು, ಕಾಫಿ ಕುಡಿಯುತ್ತ ಕೂತು ಮಾಡುವ ಕೆಲಸ. ಒಂದು ನೋಟ್‌ಬುಕ್ ತನ್ನಿ. ಪುಟಕ್ಕೆ ಮೂರು ಕಾಲಂ ಹೊಡೆಯಿರಿ: ‘ಇಷ್ಟ’, ‘ನೋಡೋಣ’, ‘ಬೇಡವೇ ಬೇಡ’. ಇಬ್ಬರೂ ಬೇರೆ ಬೇರೆ ಕೂತು ತುಂಬಿಸಿ. ಒಬ್ಬರದು ನೋಡಿ ಇನ್ನೊಬ್ಬರು ಬರೆಯಬೇಡಿ. ಬೈಗುಳ ಆದೀತೇ? ಯಾವ ಪದ ಆಗದು? ಮೈಮೇಲೆ ಗುರುತು ಉಳಿಯಬಹುದೇ? ಅತ್ತೆ ಮಾವ ಮನೆಯಲ್ಲಿದ್ದಾಗ ಏನು? ತಿಂಗಳ ಮುಟ್ಟಿನ ದಿನಗಳಲ್ಲಿ? ಫೋಟೊ ತೆಗೆಯಬಹುದೇ?

ಮೂರನೇ ಕಾಲಂ ಬಗ್ಗೆ ಚೌಕಾಸಿ ಇಲ್ಲ. ‘ಯಾಕೆ ಬೇಡ’ ಎಂದು ಕೂಡ ಕೇಳುವ ಹಾಗಿಲ್ಲ. ಎರಡನೇ ಕಾಲಂ ಮೊದಲ ತಿಂಗಳು ಮುಟ್ಟಬೇಡಿ. ಇಬ್ಬರ ‘ಇಷ್ಟ’ದಲ್ಲೂ ಇರುವುದಷ್ಟೇ ನಿಮ್ಮ ಸದ್ಯದ ಪಠ್ಯ. ಅದು ಎರಡೇ ಸಾಲು ಇದ್ದರೂ ಚಿಂತೆಯಿಲ್ಲ.

ಇದನ್ನು ಒಪ್ಪಂದವಾಗಿ ಬರೆದು ಸಹಿ ಹಾಕುವವರಿದ್ದಾರೆ. ನೋವಿನಲ್ಲಿ ಸುಖ ಕಾಣುವುದಕ್ಕಿರುವ ‘ಮೆಸೊಕಿಸಂ’ ಎಂಬ ಪದ ಯಾರ ಹೆಸರಿನಿಂದ ಬಂತೋ ಆ ಆಸ್ಟ್ರಿಯದ ಲೇಖಕ ಲಿಯೊಪೋಲ್ಡ್ ಫಾನ್ ಸಾಕರ್-ಮಾಸೊಕ್ 1869ರಲ್ಲಿ ತನ್ನ ಗೆಳತಿಯೊಂದಿಗೆ ಇಂಥ ಕರಾರು ಮಾಡಿಕೊಂಡಿದ್ದ. ಕೋರ್ಟಿನಲ್ಲಿ ಇದಕ್ಕೆ ಬೆಲೆಯಿಲ್ಲ. ಇದರ ಉಪಯೋಗ ಒಂದೇ, ಹೇಳದೆ ಉಳಿಯುವ ಮಾತುಗಳನ್ನು ಬರೆಸಿಬಿಡುತ್ತದೆ. ಸಹಿ ಹಾಕುವುದಾದರೆ ಮುಗಿಯುವ ತಾರೀಖನ್ನೂ ಬರೆಯಿರಿ. ಮೂರು ತಿಂಗಳು ಸಾಕು, ಬೇಕಿದ್ದರೆ ಮತ್ತೆ ಹೊಸದಾಗಿ.

‘ಮೌನಂ ಸಮ್ಮತಿ’ಯನ್ನು ಮರೆಯುವ ಅಭ್ಯಾಸ

ನಮ್ಮಲ್ಲಿ ‘ಬೇಡ’ ಎನ್ನುವುದು ಕಷ್ಟ. ಊಟಕ್ಕೆ ಕೂತಾಗ ಎಲೆಗೆ ಕೈ ಅಡ್ಡ ಹಿಡಿದರೂ ಇನ್ನೊಂದು ಸೌಟು ಬೀಳುತ್ತದೆ. ದೊಡ್ಡವರ ಎದುರು ಸುಮ್ಮನಿದ್ದರೆ ಅದನ್ನೇ ಒಪ್ಪಿಗೆ ಅಂದುಕೊಳ್ಳುತ್ತಾರೆ. ಇಂಥ ಮನೆಯಲ್ಲಿ ಬೆಳೆದವರು ಒಪ್ಪಿಸಿಕೊಳ್ಳುವ ಪಾತ್ರಕ್ಕೆ ಬಂದರೆ ಮಂಡಿ ಉರಿಯುವಾಗಲೂ ‘ಹಸಿರು’ ಎನ್ನುತ್ತಾರೆ. ಆದ್ದರಿಂದ ತರಬೇತಿಯ ಮೊದಲ ನಾಲ್ಕು ವಾರ ಹೀಗಿರಲಿ.

ಮೊದಲ ವಾರ: ಸಂಕೇತ, ಅಂದರೆ ಸೇಫ್‌ವರ್ಡ್ ಮಾತ್ರ. ಹಸಿರು ಎಂದರೆ ಸರಿ, ಹಳದಿ ಎಂದರೆ ನಿಧಾನ ಅಥವಾ ಏನೋ ಬದಲಿಸಬೇಕು, ಕೆಂಪು ಎಂದರೆ ಎಲ್ಲ ನಿಲ್ಲಬೇಕು. ಸಿಗ್ನಲ್ ದೀಪ ಎಲ್ಲರಿಗೂ ಗೊತ್ತಿರುವುದರಿಂದ ಇದು ಸುಲಭ. ಬೇರೆ ಪದ ಬೇಕಿದ್ದರೆ ಆ ಹೊತ್ತಿನಲ್ಲಿ ತಾನಾಗಿ ಬಾಯಿಗೆ ಬಾರದಂಥದ್ದನ್ನು ಆರಿಸಿ, ‘ಹುಣಸೆಹಣ್ಣು’, ‘ಮೆಜೆಸ್ಟಿಕ್’ ಹೀಗೆ. ಮಾತಾಡಲು ಆಗದ ಸ್ಥಿತಿಯಿದ್ದರೆ ಕೈಯಲ್ಲಿ ಬೀಗದ ಕೈ ಗೊಂಚಲು ಕೊಡಿ. ಅದು ನೆಲಕ್ಕೆ ಬಿತ್ತೆಂದರೆ ಕೆಂಪು. ಸಂಕೇತದ ಹಕ್ಕು ಇಬ್ಬರದೂ, ಹಿಡಿತ ವಹಿಸಿದವರೂ ಕೆಂಪು ಎನ್ನಬಹುದು.

ಎರಡನೇ ವಾರ: ಹಳದಿಯ ತಾಲೀಮು. ಪ್ರತಿ ಸಲ ಒಪ್ಪಿಸಿಕೊಳ್ಳುವವರು ಒಮ್ಮೆಯಾದರೂ ‘ಹಳದಿ’ ಎನ್ನಲೇಬೇಕು, ತೊಂದರೆ ಇಲ್ಲದಿದ್ದರೂ. ಅಂದ ಕೂಡಲೇ ಇನ್ನೊಬ್ಬರು ನಿಲ್ಲಿಸಿ, ಕೇಳಿ, ಬದಲಿಸಿ, ‘ಹೇಳಿದ್ದು ಒಳ್ಳೇದಾಯ್ತು’ ಎನ್ನಬೇಕು. ಮುಖ ಸಪ್ಪೆ ಮಾಡಿಕೊಂಡರೆ ಪಾಠ ಅಲ್ಲಿಗೇ ಕೆಟ್ಟಿತು. ಬಾಯಿ ಈ ಪದಕ್ಕೆ ಪಳಗಬೇಕು. ಪಳಗಿಸುವುದೇ ಆದರೆ ಇದೊಂದನ್ನು ಪಳಗಿಸಿ.

ಮೂರನೇ ವಾರ: ಒಂದೇ ಒಂದು ನಿಯಮ. ಚಿಕ್ಕದು, ಅಳೆಯಬಹುದಾದದ್ದು, ಇಬ್ಬರಿಗೂ ಲಾಭವಿರುವುದು. ರಾತ್ರಿ ಹನ್ನೊಂದರೊಳಗೆ ಮಲಗುವುದು, ಬೆಳಿಗ್ಗೆ ಇಪ್ಪತ್ತು ನಿಮಿಷ ನಡೆದು ಬರುವುದು, ದಿನಕ್ಕೆ ನಾಲ್ಕು ಸಾಲು ದಿನಚರಿ. ಮೊದಲ ದಿನವೇ ಹದಿನೆಂಟು ನಿಯಮ ಹೇರಿದರೆ ಎರಡೂ ಕಡೆ ದಣಿವು. ಹೇರಿದವರಿಗೂ ನೆನಪಿರುವುದಿಲ್ಲ.

ನಾಲ್ಕನೇ ವಾರ: ಭಾನುವಾರದ ಲೆಕ್ಕ. ಪಾತ್ರ ಬಿಟ್ಟು ಸರಿಸಮವಾಗಿ ಕೂತು ಮೂರು ಪ್ರಶ್ನೆ: ಏನು ಚೆನ್ನಾಗಿತ್ತು, ಎಲ್ಲಿ ಕಸಿವಿಸಿಯಾಯ್ತು, ಮುಂದಿನ ವಾರ ಏನು ಬದಲಾಗಬೇಕು. ಈ ಅರ್ಧ ಗಂಟೆಯಲ್ಲಿ ‘ಮೇಡಂ’, ‘ಸರ್’ ಯಾವುದೂ ಇಲ್ಲ.

ತಪ್ಪು, ಶಿಕ್ಷೆ, ಶಹಭಾಸ್

ಕಲಿಕೆಯ ಮನಶ್ಶಾಸ್ತ್ರದಲ್ಲಿ ಬಿ.ಎಫ್. ಸ್ಕಿನ್ನರ್ ದೊಡ್ಡ ಹೆಸರು. ಒಂದು ನಡತೆ ಬೇರೂರಲು ಶಿಕ್ಷೆಗಿಂತ ಮೆಚ್ಚುಗೆ ಹೆಚ್ಚು ಬಲವಾದ ಸಾಧನ ಎಂಬುದು ಅವನ ಗಟ್ಟಿ ನಿಲುವು. ಇಲ್ಲೂ ಅದು ನಿಜ. ಒಂದು ಶಹಭಾಸ್, ತಲೆ ಮೇಲೆ ಒಂದು ಕೈ, ನೋಟ್‌ಬುಕ್ಕಿನಲ್ಲಿ ಒಂದು ಟಿಕ್ ಮಾರ್ಕ್ ಎಷ್ಟು ದೂರ ಕೆಲಸ ಮಾಡುತ್ತದೆ ಎಂಬುದು ಮಾಡಿ ನೋಡಿದರೇ ಗೊತ್ತು.

ಶಿಕ್ಷೆ ಇರುವುದಾದರೆ ಮೊದಲೇ ಒಪ್ಪಿದ ಪಟ್ಟಿಯಿಂದ ಮಾತ್ರ. ನಿಯಮ ಮುರಿದದ್ದು ಯಾಕೆ ಎಂದು ಕೇಳಿದ ಮೇಲೆಯೇ. ಆಫೀಸಿನ ಕರೆ ಬಂದು ಹನ್ನೊಂದು ದಾಟಿದ್ದರೆ ಅದು ತಪ್ಪಲ್ಲ, ನಿಯಮಕ್ಕೆ ತಿದ್ದುಪಡಿ ಬೇಕು ಎಂದರ್ಥ. ಊಟ, ನಿದ್ದೆ, ಔಷಧಿ, ಸಂಬಳ, ತವರಿನ ಫೋನು ಇವು ಎಂದೂ ಶಿಕ್ಷೆಯ ಸರಕಲ್ಲ. ದಿನಗಟ್ಟಲೆ ಮಾತು ಬಿಡುವುದಂತೂ ಶಿಕ್ಷೆಯೇ ಅಲ್ಲ, ಅದು ಕ್ರೌರ್ಯ. ಸಂಕೇತ ಬಳಸಿದ್ದಕ್ಕೆ ಶಿಕ್ಷೆ ಕೊಡುವವರ ಜೊತೆ ಇನ್ನೊಂದು ದಿನ ಆಡಬೇಡಿ.

ಮುಗಿದ ಮೇಲಿನ ಅರ್ಧ ಗಂಟೆ

ಆಟ ಮುಗಿದೊಡನೆ ಒಬ್ಬರು ಫೋನಿಗೆ, ಇನ್ನೊಬ್ಬರು ಗೋಡೆ ಕಡೆಗೆ ತಿರುಗಿದರೆ ಅರ್ಧ ಪಾಠ ಬಿಟ್ಟಂತೆ. ಮೈಮನಸ್ಸಿನ ಏರು ಇಳಿಯುವಾಗ ಚಳಿ, ಅಳು, ನಾಚಿಕೆ, ಖಾಲಿತನ ಬರಬಹುದು. ಕೆಲವರಿಗೆ ಅದು ಒಂದೆರಡು ದಿನ ಬಿಟ್ಟು ಬರುತ್ತದೆ. ಇದಕ್ಕೆಂದೇ ಮಾಡುವ ಉಪಚಾರಕ್ಕೆ ಆಫ್ಟರ್‌ಕೇರ್ ಎಂಬ ಹೆಸರಿದೆ. ಹೊದಿಕೆ, ನೀರು, ಒಂದು ಬಾಳೆಹಣ್ಣು ಅಥವಾ ಬೆಲ್ಲದ ತುಣುಕು, ಒಂದಿಷ್ಟು ಹೊತ್ತು ಪಕ್ಕದಲ್ಲಿ ಕೂರುವುದು. ಮರುದಿನ ಮಧ್ಯಾಹ್ನ ‘ಹೇಗಿದೀಯಾ’ ಎಂದೊಂದು ಮೆಸೇಜ್. ಹಿಡಿತ ವಹಿಸಿದವರಿಗೂ ಈ ಇಳಿತ ಬರುತ್ತದೆ. ‘ನಾನು ಹಾಗೆ ಮಾತಾಡಿದೆನಾ’ ಎಂಬ ಅಳುಕು ಅವರನ್ನು ಕಾಡಬಹುದು. ಉಪಚಾರ ಎರಡೂ ಕಡೆಗೆ.

ಕಾನೂನಿನ ಗೆರೆ

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 25ನೇ ಸೆಕ್ಷನ್ ಒಂದು ಮುಖ್ಯ ಮಾತು ಹೇಳುತ್ತದೆ. 18 ದಾಟಿದವರು ಒಪ್ಪಿದ್ದರೆ, ಸಾವು ಅಥವಾ ತೀವ್ರ ಗಾಯ ಮಾಡುವ ಉದ್ದೇಶವೂ ಅದಾಗಬಹುದೆಂಬ ಅರಿವೂ ಇಲ್ಲದೆ ಆದ ಹಾನಿ ಅಪರಾಧವಲ್ಲ. ಹಳೆಯ ದಂಡಸಂಹಿತೆ ಇದಕ್ಕೆ ಕೊಟ್ಟ ಉದಾಹರಣೆ ಮೋಜಿಗಾಗಿ ಕತ್ತಿವರಸೆ ಆಡುವ ಇಬ್ಬರದು. ಮೂಳೆ ಮುರಿತ, ಹಲ್ಲು ಬೀಳುವುದು ತೀವ್ರ ಗಾಯದ ಪಟ್ಟಿಯಲ್ಲಿವೆ, ಅಲ್ಲಿಗೆ ಒಪ್ಪಿಗೆಯ ರಕ್ಷಣೆ ಮುಗಿಯಿತು. 28ನೇ ಸೆಕ್ಷನ್ ಪ್ರಕಾರ ಹೆದರಿಸಿ, ತಪ್ಪು ತಿಳಿಸಿ ಪಡೆದದ್ದು ಒಪ್ಪಿಗೆಯಲ್ಲ. ಏನಾಗುತ್ತಿದೆ ಎಂದು ತಿಳಿಯದಷ್ಟು ಅಮಲಿನಲ್ಲಿ ಕೊಟ್ಟದ್ದೂ ಅಲ್ಲ. ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ 1993ರಲ್ಲಿ ಇನ್ನೂ ಬಿಗಿಯಾದ ತೀರ್ಪು ಕೊಟ್ಟಿತು. ಆರ್ ವರ್ಸಸ್ ಬ್ರೌನ್ ಎಂಬ ಆ ಪ್ರಕರಣದಲ್ಲಿ ಎಲ್ಲರೂ ಒಪ್ಪಿ ಆಡಿದ್ದರೂ ಗಾಯ ಮಾಡಿದವರಿಗೆ ಶಿಕ್ಷೆಯಾಯಿತು. ಅಲ್ಲಿ ನೆಲೆಸಿರುವ ಕನ್ನಡಿಗರು ಇದನ್ನು ನೆನಪಿಡಬೇಕು.

ಒಪ್ಪಿಗೆಯಿಲ್ಲದೆ ಖಾಸಗಿ ಅಂಗದ ಚಿತ್ರ ತೆಗೆಯುವುದು, ಹಂಚುವುದು ಐಟಿ ಕಾಯ್ದೆಯ 66ಇ ಪ್ರಕಾರ ಮೂರು ವರ್ಷದವರೆಗೆ ಜೈಲು ಆಗಬಹುದಾದ ಅಪರಾಧ. ಫೋಟೊ ತೆಗೆಯಲು ಒಪ್ಪಿದವರು ಹಂಚಲು ಒಪ್ಪಿದಂತಲ್ಲ.

ಇದು ತರಬೇತಿ ಅಲ್ಲ

ಆನ್‌ಲೈನಿನಲ್ಲಿ ಪರಿಚಯವಾಗಿ ಎರಡನೇ ದಿನವೇ ‘ನಾನು ನಿನ್ನ ಟ್ರೇನರ್, ಮುಖ ಕಾಣುವ ಫೋಟೊ ಕಳಿಸು’ ಎನ್ನುವವರು. ‘ನಿಜವಾದ ಸಬ್‌ಗೆ ಸೇಫ್‌ವರ್ಡ್ ಬೇಕಿಲ್ಲ’ ಎನ್ನುವವರು. ಸ್ನೇಹಿತರನ್ನು, ತವರನ್ನು, ಕೆಲಸವನ್ನು ಬಿಡಿಸುವವರು. ನಿಮ್ಮ ಎಟಿಎಂ ಕಾರ್ಡ್ ಅವರ ಜೇಬಿನಲ್ಲಿ. ಹೊಡೆದ ಮೇಲೆ ‘ನೀನೇ ಒಪ್ಪಿದ್ದೆಯಲ್ಲ’ ಎನ್ನುವುದು. ಇವೆಲ್ಲ ದೌರ್ಜನ್ಯ. ಮಹಿಳೆಯರಿಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಮದುವೆಯಲ್ಲೂ, ಮದುವೆಯಂಥ ಸಹಜೀವನದಲ್ಲೂ ಅನ್ವಯಿಸುತ್ತದೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಮನಸ್ಸು ಕುಗ್ಗಿದ್ದರೆ ಟೆಲಿ ಮಾನಸ್ 14416, ಬೆಂಗಳೂರಿನ ನಿಮ್ಹಾನ್ಸ್ ಇದರ ಬೆನ್ನೆಲುಬು. ಹೊಸಬರನ್ನು ಮೊದಲು ಭೇಟಿಯಾಗುವುದಾದರೆ ಹಗಲಿನಲ್ಲಿ, ಜನ ಓಡಾಡುವ ಹೋಟೆಲಿನಲ್ಲಿ ಕಾಫಿಗೆ ಮಾತ್ರ. ಎಲ್ಲಿದ್ದೀರಿ ಎಂದು ಒಬ್ಬ ನಂಬಿಕಸ್ಥರಿಗಾದರೂ ತಿಳಿಸಿರಿ.

ಇನ್ನು ಮೊಸಾಯಿಕ್ ನೆಲದ ಆ ಮನೆ. ಮೂರನೇ ವಾರದ ಹೊತ್ತಿಗೆ ಮಂಡಿಯಡಿ ಮಡಚಿದ ಜಮಖಾನ ಬಂದಿದೆ, ಮಂಡಿಯೂರಿ ಕೂರುವ ಹೊತ್ತು ಮೂರು ನಿಮಿಷಕ್ಕಿಳಿದಿದೆ. ಆತನ ಬಾಯಲ್ಲಿ ‘ಹಳದಿ’ ಸಲೀಸಾಗಿ ಬರುತ್ತಿದೆ. ಒಂದು ಗುರುವಾರ ರಾತ್ರಿ ಆತ ಎಂದಿನಂತೆ ವರದಿ ಶುರುಮಾಡಿದ. ಆಕೆಗೆ ಸಂಜೆಯಿಂದ ತಲೆನೋವು, ಆಫೀಸಿನಲ್ಲಿ ಯಾರದೋ ಮಾತು ಇನ್ನೂ ಕಿವಿಯಲ್ಲಿ. ಹೇಳುವುದು ತನ್ನ ಪಾತ್ರ, ಹಾಗಾಗಿ ಹೇಳಲೇಬೇಕು ಅಂದುಕೊಂಡೇ ಕೂತಿದ್ದಳು. ಎರಡನೇ ವಾಕ್ಯಕ್ಕೆ ಕೈ ಎತ್ತಿದಳು.

“ಕೆಂಪು ಕಣೋ. ಇವತ್ತು ನನ್ನ ಕೈಲಾಗಲ್ಲ.”

ಆತ ಎದ್ದ. ಜಮಖಾನ ಸುತ್ತಿಟ್ಟು ಅಡುಗೆಮನೆಗೆ ಹೋಗಿ ನೀರು ಬಿಸಿಗಿಟ್ಟ. “ಹೇಳಿದ್ದು ಒಳ್ಳೇದಾಯ್ತು,” ಅಂದ, ಆಕೆಯಿಂದಲೇ ಕಲಿತ ಮಾತನ್ನು.